ಭೋಗಿ ಎಂದರೆ ಬೈಗುಳವಲ್ಲ

ಬೆಳ್ತಂಗಡಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಗಂಡ ಹೆಂಡತಿ ಭೋಗ ಬಿಟ್ಟು ಯೋಗ ಹಿಡಿಯಬೇಕು, ಕಾಮದ ಎನರ್ಜಿಯನ್ನು ಮೇಲಕ್ಕೆ ಏರಿಸಬೇಕು ಎಂದು ಶಿಬಿರವೊಂದರಲ್ಲಿ ಹೇಳಿದರು. ಭೋಗ ಅಷ್ಟು ಕೆಟ್ಟದ್ದೇ?’

ಅಲ್ಲ. ಕೆಟ್ಟಿರುವುದು ನಮ್ಮ ಮಾತು. ಬಂಟ್ವಾಳದ ಬಸ್ಸಿನಲ್ಲಿ ಕೂತರೆ ‘ಅವ ದೊಡ್ಡ ಭೋಗಿ’ ಎಂಬುದು ಲಂಪಟನಿಗೆ ಹೇಳುವ ಮಾತಾಗಿ ಕಿವಿಗೆ ಬೀಳುತ್ತದೆ. ಹಿಂದಿನವರು ದೇವರ ಅಂಗಭೋಗ (ಪೂಜೆ, ಅಲಂಕಾರ), ರಂಗಭೋಗಕ್ಕೆಂದು (ಹಾಡು, ಕುಣಿತ) ಭೂಮಿ ಬಿಟ್ಟು ಶಾಸನ ಬರೆಸಿದರು. ದೇವರಿಗೆ ಸಲ್ಲುವ ಪದ ದಂಪತಿಗಳಿಗೆ ಸಲ್ಲದೇ?

ಧಾತು, ಪ್ರತ್ಯಯ ನಿಘಂಟಿನಲ್ಲಿವೆ. ನನಗೆ ಬೇಕಾದದ್ದು ಗಾದೆ. ‘ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನನ್ನು ಹೊತ್ತುಕೊಂಡು ಹೋಗಿ.’ ಎಲ್ಲರೂ ಕೊನೆಯ ತುಂಡಿಗೆ ನಗುತ್ತಾರೆ, ಎರಡನೆಯದನ್ನು ಗಮನಿಸುವುದಿಲ್ಲ. ಭೋಗಿ ಕೂತಿರುವುದು ಯೋಗಿಯ ಪಕ್ಕದಲ್ಲೇ. ಕಾಯಿಲೆ ಶುರುವಾಗುವುದು ಅವನನ್ನು ದಾಟಿದ ಮೇಲೆ. ಈ ಗಾದೆ ಹುಟ್ಟಿದ್ದು ಜೈನರ ಅಡುಗೆಮನೆಯಲ್ಲಿ ಎಂಬುದು ನನ್ನ ಬಹುಕಾಲದ ವಾದ. ದಿಗಂಬರ ಮುನಿ ಉಣ್ಣುವುದು ದಿನಕ್ಕೆ ಒಂದೇ ಹೊತ್ತು. ಹೊತ್ತು ಮುಳುಗಿದ ಮೇಲೆ ಉಣ್ಣದ ಶ್ರಾವಕನಿಗೆ, ಅಂದರೆ ಜೈನ ಗೃಹಸ್ಥನಿಗೆ, ಎರಡು ಹೊತ್ತು. ಲೆಕ್ಕ ಸರಿಹೋಯಿತಲ್ಲ!

ಆ ಶ್ರಾವಕನ ವ್ರತಗಳಲ್ಲೊಂದು ಭೋಗೋಪಭೋಗ ಪರಿಮಾಣ. ಒಮ್ಮೆಗೇ ಮುಗಿಯುವ ಅನ್ನ, ಹೂವು ಭೋಗ. ಮತ್ತೆ ಮತ್ತೆ ಒದಗುವ ಬಟ್ಟೆ, ಮನೆ ಉಪಭೋಗ. ವ್ರತ ಕೇಳುವುದು ಅಳತೆಯನ್ನು. ದಾಂಪತ್ಯಕ್ಕೆ ಹೇಳಿದ ಅಣುವ್ರತ ಸ್ವದಾರ ಸಂತೋಷ, ತನ್ನ ಹೆಂಡತಿಯಲ್ಲೇ ಸಂತೋಷ. ವ್ರತದ ಹೆಸರಲ್ಲೇ ಸಂತೋಷ ಇಟ್ಟವರು ಸುಖಕ್ಕೆ ಹೆದರಿದವರಲ್ಲ.

ಮೂಡುಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ಈ ಧೈರ್ಯವನ್ನೇ ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳ ‘ಭರತೇಶ ವೈಭವ’ವಾಗಿ ಹಾಡಿದ. ಅವನ ಕಾವ್ಯದ ನಾಯಕ ಭರತ ಚಕ್ರವರ್ತಿಗೆ 96,000 ರಾಣಿಯರು. ಆ ಸಂಖ್ಯೆ ಚಕ್ರವರ್ತಿ ಪದವಿಯದು. ಕವಿ ತೋರಿಸುವ ಅಳತೆ ಮನಸ್ಸಿನದು. ಊಟ, ಸಂಗೀತ, ಸರಸ ಎಲ್ಲದರ ನಡುವೆ ಭರತ ಆತ್ಮಧ್ಯಾನಕ್ಕೆ ಕೂರುತ್ತಾನೆ. ಸುಖದಲ್ಲಿದ್ದಾಗಲೂ ತನ್ನನ್ನು ಮರೆಯುವುದಿಲ್ಲ. ಕೊನೆಗೆ ಪೂರ್ಣಜ್ಞಾನವಾದ ಕೇವಲಜ್ಞಾನಕ್ಕೆ ಅವನಿಗೆ ಸಾಕಾದದ್ದು ಅಂತರ್ಮುಹೂರ್ತ, ಅಂದರೆ 48 ನಿಮಿಷಕ್ಕೂ ಕಡಿಮೆ. ತಮ್ಮ ಬಾಹುಬಲಿ ವರ್ಷವಿಡೀ ನಿಂತು ತಪಸ್ಸು ಮಾಡಬೇಕಾಯಿತು.

ಆ ತಮ್ಮನಿಗೆ ಬೆಳ್ತಂಗಡಿ ತಾಲೂಕಿನಲ್ಲೇ ಎರಡು ಏಕಶಿಲಾ ಮೂರ್ತಿಗಳಿವೆ: ವೇಣೂರಿನಲ್ಲಿ 1604ರ 35 ಅಡಿಯದು, ಧರ್ಮಸ್ಥಳದಲ್ಲಿ 39 ಅಡಿಯದು. ನಮ್ಮ ಸೀಮೆಯಲ್ಲಿ ಭೋಗಿ ಅಣ್ಣನ ಪಾಲಿಗೆ ಬಂದದ್ದು ಕಾವ್ಯ. ಕಲ್ಲು ತಾನಾಗಿ ಕಣ್ಣಿಗೆ ಬೀಳುತ್ತದೆ, ಕಾವ್ಯವನ್ನು ಕೂತು ಓದಬೇಕು. ನಾವು ಓದುವುದು ಬಿಟ್ಟೆವು, ಪದ ಕೆಟ್ಟಿತು.

‘ಭರತೇಶ ವೈಭವ’ದ ಮೊದಲ ಭಾಗದ ಹೆಸರು ಭೋಗವಿಜಯ, ಯೋಗವಿಜಯ ಬರುವುದು ಆಮೇಲೆ. ಗಂಡ ಹೆಂಡತಿ ಶಿಬಿರಕ್ಕೆ ಹೆಸರು ಕೊಡುವ ಮೊದಲು ಆ ಭಾಗವನ್ನು ಒಟ್ಟಿಗೆ ಕೂತು, ಗಟ್ಟಿಯಾಗಿ ಓದಿಕೊಳ್ಳಲಿ.