ಸರಕಿನ ಹಾದಿಯಲ್ಲಿ ಸೋಂಕು: ಗಡಿ ದಾಟಿದ ರೋಗಗಳ ಚರಿತ್ರೆ

ಜಾಗತೀಕರಣವೆಂದೊಡನೆ ನಮಗೆ ನೆನಪಾಗುವುದು ಉದ್ಯೋಗ, ವಿಮಾನಯಾನ, ಅಂಗಡಿಯಲ್ಲಿ ದೊರೆಯುವ ದೂರದೇಶದ ಸರಕು. ಆದರೆ ಮನುಷ್ಯರೂ ಸರಕುಗಳೂ ಸಾಗುವ ಹಾದಿಯಲ್ಲಿ ರೋಗವೂ ಸಾಗುತ್ತದೆ. 2020ರಲ್ಲಿ ದೇಶದೇಶಗಳು ಗಡಿ ಮುಚ್ಚಿದಾಗ ಇದು ನಮ್ಮ ಅನುಭವಕ್ಕೆ ಬಂತು. ಊರಿನಲ್ಲಿ ತೀರಿಕೊಂಡ ತಂದೆ ತಾಯಿಯರ ಅಂತ್ಯಕ್ರಿಯೆಯನ್ನು ಇಲ್ಲಿ ಕುಳಿತು ಪರದೆಯ ಮೇಲೆ ನೋಡಬೇಕಾದ ಕುಟುಂಬಗಳು ನಮ್ಮ ನಡುವೆ ಇವೆ. ಗಡಿಯನ್ನು ಯಾವಾಗ ಮುಚ್ಚಬೇಕು, ಯಾರಿಗಾಗಿ ತೆರೆದಿಡಬೇಕು ಎಂಬ ಪ್ರಶ್ನೆ ಹೊಸದಲ್ಲ. ಅದಕ್ಕೆ ಆರು ಶತಮಾನಗಳ ಇತಿಹಾಸವಿದೆ.

1347ರಲ್ಲಿ ಕಪ್ಪು ಸಮುದ್ರದ ಕಡೆಯಿಂದ ಹೊರಟ ಜಿನೋವಾದ ವರ್ತಕರ ಹಡಗುಗಳು ಸಿಸಿಲಿಯ ಮೆಸ್ಸೀನಾ ಬಂದರಿಗೆ ಪ್ಲೇಗನ್ನು ತಂದವು. ಕೆಲವೇ ವರ್ಷಗಳಲ್ಲಿ ಯುರೋಪಿನ ಮೂರನೆಯ ಒಂದು ಪಾಲಿಗೂ ಹೆಚ್ಚು ಜನ ಮಡಿದರು. ವ್ಯಾಪಾರವನ್ನೇ ನಂಬಿದ್ದ ಬಂದರು ನಗರಗಳು ಹಡಗುಗಳನ್ನು ಶಾಶ್ವತವಾಗಿ ದೂರವಿಡುವಂತಿರಲಿಲ್ಲ. ಆದುದರಿಂದ ಇಂದು ಡುಬ್ರೊವ್ನಿಕ್ ಎನಿಸಿಕೊಂಡಿರುವ ರಗೂಸಾ ನಗರವು 1377ರಲ್ಲಿ ಒಂದು ಮಧ್ಯಮಾರ್ಗವನ್ನು ಕಂಡುಕೊಂಡಿತು. ಸೋಂಕಿದ ಪ್ರದೇಶಗಳಿಂದ ಬಂದವರು 30 ದಿನ ನಗರದ ಹೊರಗೆ ತಂಗಿದ್ದು ಅನಂತರ ಒಳಬರಬೇಕು. ಮುಂದೆ ಈ ಅವಧಿ 40 ದಿನಗಳಿಗೆ ಏರಿತು. ನಲವತ್ತು ಎಂಬ ಅರ್ಥದ ಇಟಾಲಿಯನ್ ಪದದಿಂದಲೇ 'ಕ್ವಾರಂಟೈನ್' ಎಂಬ ಮಾತು ಹುಟ್ಟಿತು.

ಹಾಯಿಹಡಗಿನ ಕಾಲಕ್ಕೆ ಸಾಕಾದ ಈ ಕ್ರಮ ಉಗಿಹಡಗಿನ ಕಾಲದಲ್ಲಿ ತೊಡಕಾಯಿತು. 1817ರಲ್ಲಿ ಬಂಗಾಳದ ಜೆಸ್ಸೋರ್ ಸೀಮೆಯಲ್ಲಿ ಉಲ್ಬಣಿಸಿದ ಕಾಲರಾ ಸೈನ್ಯಗಳ, ವರ್ತಕರ, ಯಾತ್ರಿಕರ ಜೊತೆಯಲ್ಲಿ ಹರಡಿತು. ನಾವು ನೆಲೆಸಿರುವ ಈ ಬ್ರಿಟನ್ನಿಗೆ ಆ ರೋಗ 1831ರಲ್ಲಿ ಸಂಡರ್‌ಲ್ಯಾಂಡ್ ಬಂದರಿನ ಮೂಲಕ ಕಾಲಿಟ್ಟಿತು. ಮರುವರ್ಷ ನ್ಯೂಯಾರ್ಕನ್ನು ಮುಟ್ಟಿತು. ಒಂದೊಂದು ಬಂದರಿನಲ್ಲಿ ಒಂದೊಂದು ನಿಯಮವಿದ್ದು ಸರಕು ಕೊಳೆಯುತ್ತ ಬಿದ್ದಾಗ, 1851ರಲ್ಲಿ 12 ರಾಷ್ಟ್ರಗಳು ಪ್ಯಾರಿಸ್ಸಿನಲ್ಲಿ ಸಭೆ ಸೇರಿದವು. ಪ್ರತಿಯೊಂದು ರಾಷ್ಟ್ರವೂ ಒಬ್ಬ ವೈದ್ಯನನ್ನೂ ಒಬ್ಬ ರಾಜತಾಂತ್ರಿಕನನ್ನೂ ಕಳುಹಿಸಿತ್ತು. ವೈದ್ಯರಲ್ಲಿಯೇ ಒಮ್ಮತವಿರಲಿಲ್ಲ. ರೋಗ ಮನುಷ್ಯರಿಂದ ಹರಡುವುದೆಂದು ಕೆಲವರು, ಕೆಟ್ಟ ಗಾಳಿಯಿಂದ ಹುಟ್ಟುವುದೆಂದು ಕೆಲವರು ವಾದಿಸಿದರು. ಸಮುದ್ರವ್ಯಾಪಾರದಲ್ಲಿ ಎಲ್ಲರಿಗಿಂತ ಮುಂದಿದ್ದ ಬ್ರಿಟನ್ನಿಗೆ ಹಡಗುಗಳನ್ನು ತಡೆಯುವ ಯಾವ ನಿಯಮವೂ ಹಿಡಿಸಲಿಲ್ಲ. ಪರಿಣಾಮಕಾರಿಯಾದ ಒಪ್ಪಂದವೊಂದು ರೂಪುಗೊಳ್ಳಲು 1892ರ ಏಳನೆಯ ಸಮ್ಮೇಳನದವರೆಗೆ, ಅಂದರೆ 41 ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ರಾಬರ್ಟ್ ಕಾಕ್ ಕಾಲರಾದ ಸೂಕ್ಷ್ಮಾಣುವನ್ನು ಗುರುತಿಸಿಯಾಗಿತ್ತು; 1869ರಲ್ಲಿ ತೆರೆದ ಸುಯೆಜ್ ಕಾಲುವೆ ಏಷ್ಯಾ ಮತ್ತು ಯುರೋಪುಗಳ ನಡುವಣ ದೂರವನ್ನು ಕುಗ್ಗಿಸಿತ್ತು.

ಇದೇ ಚರಿತ್ರೆಯ ಒಂದು ಅಧ್ಯಾಯ ನಮ್ಮ ನಾಡಿನಲ್ಲಿಯೂ ನಡೆದಿದೆ. 1894ರಲ್ಲಿ ಹಾಂಗ್‌ಕಾಂಗನ್ನು ಕಾಡಿದ ಪ್ಲೇಗ್ 1896ರಲ್ಲಿ ಮುಂಬಯಿಯ ಬಂದರಿಗೆ ಹತ್ತಿರದ ಮಾಂಡ್ವಿಯಲ್ಲಿ ಕಾಣಿಸಿಕೊಂಡಿತು. ಯುರೋಪಿನ ರಾಷ್ಟ್ರಗಳು ಭಾರತದ ಹಡಗುಗಳಿಗೆ ಅಂಜಿ 1897ರಲ್ಲಿ ವೆನಿಸ್‌ನಲ್ಲಿ ಮತ್ತೊಂದು ಸಮ್ಮೇಳನ ಕರೆದವು. ಅದೇ ವರ್ಷ ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. 2020ರಲ್ಲಿಯೂ ಸರ್ಕಾರಗಳು ಬಳಸಿದ್ದು ಆ ಕಾಯಿದೆಯನ್ನೇ. ರೋಗ ರೈಲುಹಾದಿಯನ್ನು ಹಿಡಿದು ಹುಬ್ಬಳ್ಳಿಗೆ, 1898ರಲ್ಲಿ ಬೆಂಗಳೂರಿಗೆ ಬಂದಿತು. ಜನ ಮನೆ ತೊರೆದು ಊರ ಹೊರಗಿನ ಗುಡಿಸಲುಗಳಲ್ಲಿ ದಿನ ಕಳೆದರು. ಕಿಕ್ಕಿರಿದ ಪೇಟೆಯ ಬದಲಿಗೆ ಅಗಲವಾದ ಬೀದಿಗಳುಳ್ಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುದು ಈ ಮಾರಿಯ ತರುವಾಯವೇ. ಪ್ಲೇಗ್ ಮಾರಮ್ಮನ ಗುಡಿಗಳು ಇಂದಿಗೂ ಆ ದಿನಗಳಿಗೆ ಸಾಕ್ಷಿಯಾಗಿವೆ. ಹಾಂಗ್‌ಕಾಂಗಿನ ಹಡಗುಕಟ್ಟೆಯಲ್ಲಿ ನಡೆದುದು ನಾಲ್ಕೇ ವರ್ಷಗಳಲ್ಲಿ ಬೆಂಗಳೂರಿನ ನಕಾಶೆಯನ್ನು ಬದಲಿಸಿತು.

ಈ ಇತಿಹಾಸದಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಸಂಗತಿಯಿದೆ. ರೋಗವಿದೆಯೆಂದು ಒಪ್ಪಿಕೊಂಡ ದೇಶ ದಂಡ ತೆರುತ್ತದೆ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿದಾಗ ಸತ್ತವರ ಸಂಖ್ಯೆ 50ರ ಆಸುಪಾಸಿನಲ್ಲಿತ್ತು. ಆದರೂ ಹಲವು ದೇಶಗಳು ಭಾರತಕ್ಕೆ ವಿಮಾನಯಾನವನ್ನು ನಿಲ್ಲಿಸಿದವು, ನಮ್ಮ ಸರಕನ್ನು ನಿರಾಕರಿಸಿದವು, ಪ್ರವಾಸಿಗರು ಬರಲಿಲ್ಲ. ದೇಶಕ್ಕಾದ ನಷ್ಟ 100 ಕೋಟಿ ಡಾಲರುಗಳಿಗೂ ಅಧಿಕವೆಂದು ಅಂದಾಜು. ಇಂತಹ ದಂಡದ ಭಯವಿರುವಲ್ಲಿ ಮುಚ್ಚಿಡುವ ಆಸೆ ಸಹಜ. 2002ರ ಕೊನೆಯಲ್ಲಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಆರಂಭವಾದ ಸಾರ್ಸ್ ರೋಗದ ಸುದ್ದಿ ಹೊರಜಗತ್ತಿಗೆ ತಡವಾಗಿ ತಲುಪಿತು. 2003ರ ಫೆಬ್ರವರಿಯಲ್ಲಿ ಸೋಂಕಿತ ವೈದ್ಯನೊಬ್ಬ ಹಾಂಗ್‌ಕಾಂಗಿನ ಹೋಟೆಲೊಂದರಲ್ಲಿ ತಂಗಿದ; ಅಲ್ಲಿಂದ ರೋಗ ಹನೋಯ್, ಸಿಂಗಪುರ, ಟೊರಾಂಟೊಗಳಿಗೆ ಹಾರಿತು.

ಆ ಪಾಠದಿಂದ ವಿಶ್ವ ಆರೋಗ್ಯ ಸಂಸ್ಥೆಯ ನಿಯಮಗಳು 2005ರಲ್ಲಿ ಪರಿಷ್ಕೃತಗೊಂಡವು. ಜಗತ್ತಿಗೆ ಅಪಾಯವಾಗಬಹುದಾದ ಘಟನೆಯನ್ನು, ಪರಿಶೀಲಿಸಿ ಮನಗಂಡ 24 ಗಂಟೆಗಳೊಳಗೆ ತಿಳಿಸಬೇಕು; ಉಳಿದ ರಾಷ್ಟ್ರಗಳು ಸಂಚಾರಕ್ಕೂ ವ್ಯಾಪಾರಕ್ಕೂ ಅನಾವಶ್ಯಕ ತಡೆ ಒಡ್ಡಬಾರದು. ಇವೆರಡೂ ಒಂದು ಬಂಡಿಯ ಎರಡು ಗಾಲಿಗಳು. ಆದರೆ 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಒಮಿಕ್ರಾನ್ ತಳಿಯನ್ನು ಪತ್ತೆಮಾಡಿ ಒಡನೆಯೇ ಸಾರಿದಾಗ, ಬ್ರಿಟನ್ ಮೊದಲುಗೊಂಡು ಅನೇಕ ದೇಶಗಳು ಕೆಲವೇ ದಿನಗಳಲ್ಲಿ ಅವರಿಗೆ ಬಾಗಿಲು ಮುಚ್ಚಿದವು. ರೋಗವಂತೂ ನಿಲ್ಲಲಿಲ್ಲ, ಆ ಹೊತ್ತಿಗಾಗಲೇ ಅದು ಇತರ ಖಂಡಗಳನ್ನು ತಲುಪಿತ್ತು.

ವೈದ್ಯವೃತ್ತಿಯಲ್ಲಿ ನಾವು ಮೊದಲು ಕಲಿಯುವ ಪಾಠವೆಂದರೆ, ಗದರಿಸುವ ವೈದ್ಯನ ಮುಂದೆ ರೋಗಿ ಸತ್ಯ ಹೇಳುವುದಿಲ್ಲ. ರಾಷ್ಟ್ರಗಳ ವಿಷಯದಲ್ಲಿಯೂ ಇದು ನಿಜ. ಮುನ್ನೆಚ್ಚರಿಕೆಗಾಗಿ ಕೆಲವು ದಿನ ಬಾಗಿಲು ಮುಚ್ಚುವುದು ಒಮ್ಮೊಮ್ಮೆ ಅನಿವಾರ್ಯವೇ ಸರಿ. ಆದರೆ ಸತ್ಯ ನುಡಿದವರ ನಷ್ಟದಲ್ಲಿ ಉಳಿದವರು ಪಾಲುಗೊಳ್ಳದಿದ್ದರೆ, ಮುಂದಿನ ಬಾರಿ ಸುದ್ದಿ ನಮಗೆ ತಡವಾಗಿ ತಲುಪುತ್ತದೆ. ಎರಡು ದೇಶಗಳಲ್ಲಿ ಬಂಧುಗಳನ್ನು ಉಳ್ಳ ನಮ್ಮಂತಹ ಕುಟುಂಬಗಳಿಗೆ ಆ ತಡದ ಬೆಲೆ ಏನೆಂಬುದು ಚೆನ್ನಾಗಿ ಗೊತ್ತು. ಸೋಂಕು ಕಂಡ ದೇಶವನ್ನು ಹಳಿಯುವ ಸಂದೇಶಗಳು ನಮ್ಮ ವಾಟ್ಸಾಪ್ ಬಳಗಗಳಿಗೆ ಬಂದಾಗ, ಅದನ್ನು ಜಗತ್ತಿಗೆ ಮೊದಲು ತಿಳಿಸಿದವರು ಯಾರೆಂದು ಮಕ್ಕಳಿಗೆ ಹೇಳಿಕೊಡೋಣ.