ಒಂದೇ ಬ್ರಾಹ್ಮಿಯ ಮಕ್ಕಳು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಬರಹ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿದ. ಯಾರ ಒಪ್ಪಿಗೆ ಕೇಳಿದನೋ!

ಇಂದಿನ ಅಂತರ್ಜಾಲದಲ್ಲಿ ಅಷ್ಟು ಸ್ವಾತಂತ್ರ್ಯವಿಲ್ಲ. ವಿಳಾಸದ ಕೊನೆಗೆ ಬರುವ 'ಕಾಮ್', 'ಇನ್' ಮೊದಲಾದ ಪದಗಳಿಗೆ ಒಪ್ಪಿಗೆ ಬೇಕು. 1994ರಲ್ಲಿ ಜಾನ್ ಪೋಸ್ಟೆಲ್ ಇದರ ಮೂಲ ನಿಯಮಗಳನ್ನು ಬರೆದರು. ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವುದು ತಮ್ಮ ಕೆಲಸವಲ್ಲ, ಐಎಸ್‌ಒ ಪಟ್ಟಿಯಲ್ಲಿರುವ ಎರಡಕ್ಷರವೇ ಸಾಕು ಎಂದರು. ಜಾಣತನದ ನಿಯಮವೇ. ಆದರೆ ಆ ಎರಡಕ್ಷರ ಇಂಗ್ಲಿಷಿನವು.

1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ 'ಐಕ್ಯಾನ್' ಸಂಸ್ಥೆ 2009ರ ಕೊನೆಗೆ ದೇಶಗಳು ತಮ್ಮ ಲಿಪಿಯಲ್ಲೇ ಹೆಸರು ಕೇಳಬಹುದೆಂದಿತು. ಹೆಸರು ದೇಶವನ್ನು ಸೂಚಿಸಬೇಕು, ಇರುವ ಇನ್ನೊಂದು ಹೆಸರಿನಂತೆ ಕಾಣಬಾರದು ಎಂಬುವು ಷರತ್ತುಗಳು. 2010ರ ಮೇನಲ್ಲಿ ಈಜಿಪ್ಟ್, ಸೌದಿ ಅರೇಬಿಯಾ, ಯುಎಇಗಳ ಅರಬಿ ಹೆಸರುಗಳು ಮೊದಲಿಗೆ ಬಂದವು. ಬಲ್ಗೇರಿಯಾದ ಎರಡಕ್ಷರ ಮಾತ್ರ ಬ್ರೆಜಿಲ್‌ನದನ್ನು ಹೋಲುತ್ತದೆಂದು ತಿರಸ್ಕೃತವಾಯಿತು. ಅದು ಸಿಕ್ಕಿದ್ದು 2016ರಲ್ಲಿ.

ನಮ್ಮ ಪಾಲಿಗೆ ಏನಾಯಿತು? 2011ರಲ್ಲಿ ಭಾರತಕ್ಕೆ ಏಳು ಲಿಪಿಗಳಲ್ಲಿ ಹೆಸರು ದೊರಕಿತು. ಉರ್ದುವಿತ್ತು, ತಮಿಳಿತ್ತು, ತೆಲುಗಿತ್ತು, ಕನ್ನಡ ಇರಲಿಲ್ಲ. ಮೊಳಕಾಲ್ಮೂರಿನಿಂದ ಗಡಿ ದಾಟಿ ರಾಯದುರ್ಗಕ್ಕೆ ಹೋದರೆ ಅಲ್ಲಿನ ಲಿಪಿಗೆ ವಿಳಾಸವಿತ್ತು, ಇಲ್ಲಿನದಕ್ಕೆ ಇರಲಿಲ್ಲ. 'ಭಾರತ' ಎಂಬ ಕನ್ನಡದ ಪದ ವರ್ಷಗಳ ನಂತರ ಸೇರಿತು.

ಗಡಿಯ ಜನರಿಗೆ ಕನ್ನಡ, ತೆಲುಗು ಎರಡೂ ಓದಲು ಬರುವುದು ಹೊಸತಲ್ಲ. ಗ, ಜ, ಲ ಅಕ್ಷರಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಯಂತ್ರಕ್ಕೆ ಮಾತ್ರ ಅವು ಬೇರೆ: ಕನ್ನಡದ ಗ 3223ನೆಯ ಸಂಖ್ಯೆ, ತೆಲುಗಿನದು 3095. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು ಎಂಬಲ್ಲೇ ಮೋಸಗಾರನಿಗೆ ದಾರಿ. ನಕಲಿ ಬ್ಯಾಂಕ್ ವಿಳಾಸ ತೆರೆದರೆ ಓದುಗ ಗುರುತಿಸುವುದು ಹೇಗೆ? ಅದಕ್ಕೇ 'ನಿಯೋ-ಬ್ರಾಹ್ಮಿ' ಎಂಬ ಹೆಸರಿನ ಸಮಿತಿ ಒಂಬತ್ತು ಲಿಪಿಗಳ ಅಕ್ಷರಗಳನ್ನು ಹೋಲಿಸಿ ನಿಯಮ ಮಾಡಿತು. 2019ರಲ್ಲಿ ಅವುಗಳಲ್ಲಿ ಕನ್ನಡ, ತೆಲುಗು ಸೇರಿದಂತೆ ಹೆಚ್ಚಿನವು ಐಕ್ಯಾನ್‌ನ ನಿಯಮಾವಳಿಗೆ ಸೇರಿದವು. ಇಂಥ ಅವಳಿ ಅಕ್ಷರಗಳಿಂದಲೇ ಆದ ಪದ ಒಂದು ಲಿಪಿಯಲ್ಲಿ ಮಂಜೂರಾದರೆ ಇನ್ನೊಂದರಲ್ಲಿ ಅದಕ್ಕೆ ತಡೆ.

ನಿಯಮ ತಪ್ಪೆಂದು ನಾವು ಹೇಳಲಾರೆವು. ಆದರೆ ಇದರಿಂದ ಒಡಹುಟ್ಟಿದ ಲಿಪಿಗಳು ಪ್ರತಿಸ್ಪರ್ಧಿಗಳಾಗಿವೆ. ದೇಶದ ಹೆಸರಲ್ಲದ ಹೊಸ ಪದಕ್ಕೆ 2012ರಲ್ಲಿ ಅರ್ಜಿ ಶುಲ್ಕ 1,85,000 ಡಾಲರ್ ಇತ್ತು. 2026ರ ಸುತ್ತಿಗೆ ಅದು 2,27,000 ಡಾಲರ್. ಇಬ್ಬರಿಗೂ ಸೇರಿದ ಪದವನ್ನು ಈ ಹಣ ಮೊದಲು ಹೊಂದಿಸಿದವರು ಪಡೆದರೆ, ಗಡಿಯಾಚೆಯವರು ಯಾರನ್ನು ಕೇಳಬೇಕು?