ಮೊದಲು ನಿಲ್ಲುವುದು ಉಸಿರೋ, ಹೃದಯವೋ?

1824ರಲ್ಲಿ ಕಿತ್ತೂರು ಕೋಟೆಯ ಮುಂದೆ ಎರಡು ಸಲ ಕಾಳಗ ನಡೆಯಿತು. ಗಾಯಗೊಂಡವರ ಕೈಯನ್ನೋ ಕಾಲನ್ನೋ ಕತ್ತರಿಸಬೇಕಾಗಿ ಬಂದರೆ ಅವರು ಎಚ್ಚರದಲ್ಲಿದ್ದೇ ಆ ನೋವನ್ನು ಸಹಿಸಬೇಕಿತ್ತು. ಪ್ರಜ್ಞೆ ತಪ್ಪಿಸುವ ಅರಿವಳಿಕೆಯ ವಿದ್ಯೆ ಕಿತ್ತೂರಿನ ವೈದ್ಯರಿಗಾಗಲಿ, ಕಂಪನಿ ಸೇನೆಯ ವೈದ್ಯರಿಗಾಗಲಿ ತಿಳಿದಿರಲಿಲ್ಲ. 1846ರಲ್ಲಿ ಬೋಸ್ಟನ್ನಿನಲ್ಲಿ ಈಥರ್, ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದವು.

ನೋವೇನೋ ಹೋಯಿತು, ಭಯ ಹೋಗಲಿಲ್ಲ. 1848ರ ಜನವರಿಯಲ್ಲಿ ಇಂಗ್ಲೆಂಡಿನ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲುಬೆರಳಿನ ಉಗುರು ತೆಗೆಸಿಕೊಳ್ಳಲು ಹೋಗಿ ಕ್ಲೋರೋಫಾರ್ಮಿನಿಂದ ಸತ್ತಳು. ಮೊದಲು ನಿಂತದ್ದು ಉಸಿರೋ, ಹೃದಯವೋ? ನಾಡಿಯ ಮೇಲೆ ಕೈಯಿಡಬೇಕು ಎಂದು ಲಂಡನ್ನಿನ ವೈದ್ಯರು, ಉಸಿರಾಟವನ್ನೇ ಗಮನಿಸಬೇಕು ಎಂದು ಎಡಿನ್‌ಬರೋದವರು ವಾದಿಸಿದರು.

ಈ ವಾದದ ತೀರ್ಪಿಗೆ ಹೈದರಾಬಾದ್ ವೇದಿಕೆಯಾಯಿತು. ಕಲಬುರ್ಗಿ, ರಾಯಚೂರು, ಬೀದರ್‌ಗಳನ್ನೂ ಒಳಗೊಂಡಿದ್ದ ಆ ಸಂಸ್ಥಾನದಲ್ಲಿ ರೆಸಿಡೆನ್ಸಿ ಸರ್ಜನ್ ಆಗಿದ್ದ ಎಡ್ವರ್ಡ್ ಲಾರಿ ಎಡಿನ್‌ಬರೋದ ಶಿಷ್ಯ. ಅವರು 1888ರಲ್ಲಿ ನೂರಕ್ಕೂ ಹೆಚ್ಚು ನಾಯಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು ನೋಡಿ, ಯಾವಾಗಲೂ ಉಸಿರೇ ಮೊದಲು ನಿಲ್ಲುತ್ತದೆ ಎಂದು ಸಾರಿದರು. 'ಲ್ಯಾನ್ಸೆಟ್' ಪತ್ರಿಕೆ ನಂಬಲಿಲ್ಲ. ಆಗ ನಿಜಾಮ ಮಹಬೂಬ್ ಅಲಿ ಖಾನ್ 1,000 ಪೌಂಡ್ ಕೊಟ್ಟು ಪತ್ರಿಕೆಯ ಪ್ರತಿನಿಧಿಯನ್ನೇ ಕರೆಸಿಕೊಂಡರು. 1889ರಲ್ಲಿ ಬಂದ ಲಾಡರ್ ಬ್ರಂಟನ್ ನಾಯಿ, ಕೋತಿ ಸೇರಿ 400ಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳ ನಂತರ ಲಾರಿಯ ಮಾತನ್ನೇ ಒಪ್ಪಿದರು.

ಆದರೂ ಅದು ಅರ್ಧಸತ್ಯವಾಗಿತ್ತು. ಮದ್ದು ಅತಿಯಾದಾಗ ಉಸಿರು ಮೊದಲು ನಿಲ್ಲುವುದು ನಿಜ. ಆದರೆ ಅರಿವಳಿಕೆ ಇನ್ನೂ ಹಗುರವಾಗಿರುವಾಗ, ಉಸಿರಾಟ ಸರಿಯಿದ್ದರೂ, ಹೃದಯ ಹಠಾತ್ತನೆ ಲಯ ತಪ್ಪಿ ನಿಲ್ಲಬಹುದು. ಇದನ್ನು ಗುಡ್‌ಮನ್ ಲೆವಿ 1911ರಲ್ಲಿ ಬೆಕ್ಕುಗಳಲ್ಲಿ ತೋರಿಸಿಕೊಟ್ಟರು. ಅಂಥ ಸಾವುಗಳಿಗೆ ಉಸಿರನ್ನಷ್ಟೇ ಕಾಯುವುದು ಉತ್ತರವಾಗಿರಲಿಲ್ಲ.

ಇಂದು ನಾಯಿಗೇ ಶಸ್ತ್ರಚಿಕಿತ್ಸೆಯಾಗುವಾಗ ಈ ಪಾಠ ಅದರ ನೆರವಿಗೆ ಬರುತ್ತದೆ. ಮದ್ದಿನಿಂದ ಮಿದುಳಿನ ಉಸಿರಾಟದ ಕೇಂದ್ರ ಮಂಕಾಗುತ್ತದೆ. ಅಂಗಾತ ಮಲಗಿಸಿದಾಗ ಹೊಟ್ಟೆಯ ಅಂಗಗಳು ಎದೆಯ ಕಡೆಗೆ ಒತ್ತುತ್ತವೆ. ಶ್ವಾಸಕೋಶದ ಕೆಲವು ಭಾಗಗಳು ಮುದುಡಿ, ಅಲ್ಲಿ ಹಾದ ರಕ್ತ ಆಮ್ಲಜನಕವಿಲ್ಲದೆ ಮರಳುತ್ತದೆ. ಅದಕ್ಕೇ ಶ್ವಾಸನಾಳಕ್ಕೆ ನಳಿಕೆ ಇಳಿಸಿ ಆಮ್ಲಜನಕ ಕೊಡುತ್ತಾರೆ. ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತಾರೆ. ನಾಲಗೆಗೆ ಪುಟ್ಟ ಚಿಮ್ಮಟಿಗೆಯಂಥ ಸಾಧನ ಸಿಕ್ಕಿಸಿ ರಕ್ತದ ಆಮ್ಲಜನಕವನ್ನೂ ನಾಡಿಯನ್ನೂ ನೋಡುತ್ತಾರೆ.

ತಳಿಯೂ ಮುಖ್ಯ. ರಾಮದುರ್ಗಕ್ಕೆ ಸಮೀಪದ ಮುಧೋಳದ ಬೇಟೆನಾಯಿ ತೆಳು ಮೈಯದು, ಕೊಬ್ಬು ಕಡಿಮೆ. ಇದೇ ಮೈಕಟ್ಟಿನ ಗ್ರೇಹೌಂಡ್‌ಗಳು ಥಯೋಪೆಂಟೋನ್ ಚುಚ್ಚುಮದ್ದಿನಿಂದ ಬಹಳ ತಡವಾಗಿ ಎಚ್ಚರಗೊಳ್ಳುವುದು ತಿಳಿದ ಸಂಗತಿಯಾದ್ದರಿಂದ ಇಂಥ ನಾಯಿಗಳಿಗೆ ಮದ್ದನ್ನು ಎಚ್ಚರದಿಂದ ಆರಿಸಲಾಗುತ್ತದೆ. ಹೈದರಾಬಾದಿನಲ್ಲಿ ಉಸಿರು, ಹೃದಯಗಳಲ್ಲಿ ಒಂದನ್ನೇ ಆರಿಸಲು ನೂರಾರು ಪ್ರಾಣಿಗಳು ಬಲಿಯಾದವು. ಎರಡನ್ನೂ ಕಾಯಬೇಕೆಂಬುದು ಇಂದು ಪಶುವೈದ್ಯರ ದಿನನಿತ್ಯದ ಪದ್ಧತಿ.